ಬೆಟ್ಟಿಂಗ್ ಬಿಟ್ಟು ಬೆಟ್ಟಿಂಗ್ ಷೇರು ಹಿಡಿದವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು, ವಯಸ್ಸು ಮೂವತ್ತರ ಆಸುಪಾಸು. ಹುಬ್ಬಳ್ಳಿಯ ನಮ್ಮ ಆಪ್ತಸಲಹಾ ಕೇಂದ್ರಕ್ಕೆ ಕರೆತಂದದ್ದು ಅವರ ವೈನಿ, ಅಂದರೆ ಅಣ್ಣನ ಹೆಂಡತಿ. ಹಿಂದೆ ಐಪಿಎಲ್ ಬೆಟ್ಟಿಂಗಿನಲ್ಲಾದ ಸಾಲವನ್ನು ಅಣ್ಣ ಪತ್ತಿನ ಸೊಸೈಟಿಯಲ್ಲಿ ಹಣ ಎತ್ತಿ ತೀರಿಸಿದ್ದರು. ಆಮೇಲೆ ಇವರು ಒಂದು ರೂಪಾಯಿಯ ಬೆಟ್ಟನ್ನೂ ಕಟ್ಟಿಲ್ಲ. ಅದು ನಿಜ; ಬ್ಯಾಂಕ್ ಸ್ಟೇಟ್‌ಮೆಂಟ್ ನಾನೇ ನೋಡಿದೆ.

"ಆಡಾವ್ರು ಸೋಲ್ತಾರ್ರಿ, ಆಡಸಾವ್ರು ಗೆಲ್ತಾರ. ಅದಕ್ಕ ನಾ ಆಡಸಾವ್ರ ಕಡೆ ಆದ್ನಿ."

ಮಾತು ಚುರುಕು, ಓದಿಕೊಂಡೂ ಇದ್ದರು. ಮೊದಲು ನಮ್ಮ ದೇಶದ ಗೇಮಿಂಗ್ ಕಂಪನಿಯೊಂದರ ಷೇರು ಕೊಂಡಿದ್ದರು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು ನಿಷೇಧಿಸಿತು, ಷೇರು ಬಿತ್ತು. ಉಳಿದಷ್ಟು ಹಣ ಅಮೆರಿಕದ ಷೇರುಪೇಟೆಯ ಬೆಟ್ಟಿಂಗ್ ಕಂಪನಿಗಳಿಗೆ ಹೋಯಿತು. ಅಲ್ಲಿ 2018ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕ್ರೀಡಾ ಬೆಟ್ಟಿಂಗ್ ಆಯಾ ರಾಜ್ಯಗಳ ಕೈಗೆ ಬಂದದ್ದು, ಡ್ರಾಫ್ಟ್‌ಕಿಂಗ್ಸ್ ಎಂಬ ಬೆಟ್ಟಿಂಗ್ ಕಂಪನಿ 2020ರಲ್ಲಿ ನಾಸ್ಡಾಕ್ ಷೇರುಪೇಟೆ ಸೇರಿದ್ದು, ಇನ್ನೊಂದು ಬೆಟ್ಟಿಂಗ್ ಆ್ಯಪ್ ಫ್ಯಾನ್‌ಡ್ಯುಯೆಲ್ ಇರುವುದು ಫ್ಲಟರ್ ಕಂಪನಿಯ ಕೈಯಲ್ಲಿ ಎಂಬುದು, ಎಲ್ಲ ಬಾಯಿಪಾಠ.

ಹಾಗಿದ್ದರೆ ವೈನಿಗೆ ಚಿಂತೆ ಏಕೆ? ಸೋಮವಾರ ಮೆಣಸಿನಕಾಯಿ ಟೆಂಡರ್ ದಿನ, ಅಂಗಡಿಯಲ್ಲಿ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಅದೇ ದಿನ ಇವರ ಲೆಕ್ಕ ತಪ್ಪುತ್ತಿತ್ತು. ರವಿವಾರ ರಾತ್ರಿ ನಿದ್ದೆ ಇಲ್ಲ. ಅಮೆರಿಕನ್ ಫುಟ್‌ಬಾಲ್ ಪಂದ್ಯಗಳು ಅಲ್ಲಿನ ರವಿವಾರ ಮಧ್ಯಾಹ್ನ ಶುರುವಾದರೆ ನಮಗೆ ನಡುರಾತ್ರಿ.

"ಆ ಆಟ ತಿಳೀತದೇನ್ರಿ?" ಅಂದೆ.

"ಇಲ್ಲ ಬಿಡ್ರಿ. ಯಾರು ಗೆದ್ರು ಅಂತ ಗೊತ್ತಾದ್ರ ಸಾಕು."

ಗೆಲ್ಲಬೇಕಾದ ತಂಡಗಳೇ ಸಾಲಾಗಿ ಗೆದ್ದರೆ ಗಿರಾಕಿಗಳಿಗೆ ಹಣ, ಕಂಪನಿಗೆ ಕೊರತೆ. 2024ರ ಕೊನೆಯಲ್ಲಿ ಡ್ರಾಫ್ಟ್‌ಕಿಂಗ್ಸ್, ಫ್ಲಟರ್ ಎರಡಕ್ಕೂ ಹಾಗೇ ಹೊಡೆತ ಬಿದ್ದಿತ್ತು. ಇದನ್ನು ಓದಿದಾಗಿನಿಂದ ದುರ್ಬಲ ತಂಡಗಳು ಗೆಲ್ಲಲಿ ಎಂದು ಬೆಳಗಿನ ತನಕ ಫೋನ್ ಹಿಡಿದು ಕೂರುತ್ತಿದ್ದರು. ಐಪಿಎಲ್ ದಿನಗಳಲ್ಲೂ ಹೀಗೇ ಕೂರುತ್ತಿದ್ದ ಎಂದು ವೈನಿ ನೆನೆಸಿದರು. ನನಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿತು.

ಬೆಟ್ಟಿಂಗ್ ಷೇರು ಕೊಂಡವರೆಲ್ಲ ಜೂಜುಕೋರರಲ್ಲ. ಆರ್‌ಬಿಐ ಮಿತಿಯೊಳಗೆ ವಿದೇಶಿ ಷೇರು ಕೊಳ್ಳುವುದು ತಪ್ಪೂ ಅಲ್ಲ. ಆದರೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸಬೇಕಲ್ಲ ಎಂದಾಗ ಇವರ ಮುಖ ಸಣ್ಣದಾಯಿತು. ರಿಟರ್ನ್ ತುಂಬುವವರು ಅಣ್ಣನ ಗೆಳೆಯ, ಹಣ ಬಂದದ್ದು ಮನೆಯವರಿಗೆ ಹೇಳದೆ ಎತ್ತಿದ ಚೀಟಿಯಿಂದ.

ಷೇರು ಮಾರಿ ಅಂತ ನಾನು ಹೇಳಲಿಲ್ಲ. ಆ ಕೆಲಸ ಷೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿಕೊಂಡ ಸಲಹೆಗಾರರದು, ಅವರ ಬಳಿ ಹೋಗಲು ಹೇಳಿದೆ. ನಾನು ಒತ್ತಿ ಹೇಳಿದ್ದು ಅಣ್ಣನ ಮುಂದೆ ಚೀಟಿಯ ಪೂರ್ತಿ ಲೆಕ್ಕ ಇಡುವುದು. ಅದೇ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಷೇರಿನ ಆ್ಯಪ್ ಫೋನಿನಿಂದ ಹೋಗಬೇಕು, ಪಾಸ್‌ವರ್ಡ್ ವೈನಿ ಹತ್ತಿರ ಇರಬೇಕು, ಸೀಸನ್ ಮುಗಿಯುವವರೆಗೆ ಹೊಸ ಖರೀದಿ ಬೇಡ. ನಿದ್ದೆಗೆಟ್ಟದ್ದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಪತ್ರ ಬರೆದುಕೊಟ್ಟೆ. ರಾತ್ರಿ ಕೈ ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದೆ.

"ಹತ್ತಾರು ಬೆಟ್ಟಿಂಗ್ ಕಂಪನಿ ಇರೋ ಫಂಡ್‌ನ್ಯಾಗ ಹಾಕಿದ್ರ?" ಎಂದರು. ಒಂದು ಕಂಪನಿ ಮುಳುಗುವ ಭಯ ಕಡಿಮೆಯಾದೀತು, ಆದರೆ ಎಲ್ಲವೂ ಅದೇ ಧಂದೆಯವು, ರವಿವಾರದ ಜಾಗರಣೆ ತಪ್ಪುವುದಿಲ್ಲ ಎಂದೆ. ಉಳಿಸುವ ಹಣ ಸದ್ಯಕ್ಕೆ ಅಂಚೆ ಕಚೇರಿಯ ಆರ್‌ಡಿಗೆ ಹೋಗಲಿ. ಬೇಜಾರು ಬರಿಸುವಂಥದ್ದೇ ಇವರಿಗೆ ಒಳ್ಳೆಯದು.

ಚೀಟಿಯ ವಿಷಯ ಅಣ್ಣನಿಗೆ ಹೇಳಿದ್ದಾರೆ. ಅರ್ಧ ಷೇರು ಇನ್ನೂ ಇವೆ. ಎಲ್ಲ ಮಾರು ಎಂದು ಅಣ್ಣ, ರೇಟು ಬರಲಿ ಎಂದು ತಮ್ಮ. ಮುಂದಿನ ಸಲ ಇಬ್ಬರನ್ನೂ ಕೂಡಿಯೇ ಕರೆದಿದ್ದೇನೆ.