28ನೇ ವಯಸ್ಸಿಗೆ ಪಾರ್ಕಿನ್ಸನ್ ಬರುತ್ತದೆಯೇ?

ಬರುತ್ತದೆ. ನನಗೆ ಅದಕ್ಕಿಂತ ಮೊದಲೇ ಶುರುವಾಗಿತ್ತು, ಕಾಯಿಲೆಯ ಹೆಸರು ತಿಳಿಯಲು ಮಾತ್ರ ವರ್ಷಗಳೇ ಹಿಡಿದವು.

ನಿಮ್ಮ ತಮ್ಮನಿಗೆ ಸಂಜೆಯಾದರೆ ಎಡಪಾದ ಒಳಕ್ಕೆ ತಿರುಚಿ ಬೆರಳು ಮುರುಟುತ್ತವೆ, ಬೆಳಿಗ್ಗೆ ಎದ್ದಾಗ ಏನೂ ಇರುವುದಿಲ್ಲ, ಮೂಳೆ ಡಾಕ್ಟರು ‘ನರ ಹಿಡಿದಿದೆ’ ಅಂದರು ಎಂದು ಬರೆದಿದ್ದೀರಿ. ನನಗೂ ಅದೇ ಮಾತು ಹೇಳಿದ್ದರು. ಎಂಆರ್‌ಐ ನಾರ್ಮಲ್ ಬಂದ ಮೇಲೆ ‘ಇದು ಮನಸ್ಸಿನದು’ ಅಂದರು. ಬೆಳಿಗ್ಗೆ ಸರಿಯಾಗಿ ನಡೆದು ಸಂಜೆ ಕುಂಟುವವಳ ಮಾತನ್ನು ಯಾರು ನಂಬುತ್ತಾರೆ? ಆದರೆ ಪಾರ್ಕಿನ್ ಜೀನ್‌ನ ದೋಷದಿಂದ ಬರುವ ಪಾರ್ಕಿನ್ಸನಿಸಂನಲ್ಲಿ, ಅಂದರೆ ಚಲನೆ ನಿಧಾನವಾಗಿ ಮೈ ಬಿಗಿಯಾಗುವ ಪಾರ್ಕಿನ್ಸನ್ ಥರದ ಲಕ್ಷಣಗಳಲ್ಲಿ, ನಿದ್ದೆಯ ನಂತರ ಮೈ ಹಗುರಾಗುವುದು ಹಲವರಲ್ಲಿ ಕಾಣುವ ಗುರುತು. 1998ರಲ್ಲಿ ಜಪಾನಿನ ಕುಟುಂಬಗಳಲ್ಲಿ ಈ ಜೀನ್ ಪತ್ತೆಯಾಯಿತು. ಕೈ ನಡುಗಲೇಬೇಕೆಂದಿಲ್ಲ, ಮಾಮೂಲಿ ಎಂಆರ್‌ಐಯಲ್ಲಿ ಏನೂ ಕಾಣದಿರುವುದೂ ಸಹಜ.

‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’ ಅಂದಿರಿ. ಅಪ್ಪ ಅಮ್ಮ ಇಬ್ಬರಿಂದಲೂ ದೋಷವಿರುವ ಜೀನ್ ಬಂದರಷ್ಟೇ ಈ ಕಾಯಿಲೆ ಬರುವುದು. ಅವರಿಬ್ಬರೂ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಸಂಬಂಧದೊಳಗೆ ಮದುವೆಯಾದರೆ ಇಬ್ಬರಲ್ಲೂ ಅದೇ ದೋಷ ಇರುವ ಸಾಧ್ಯತೆ ಹೆಚ್ಚು. ನನ್ನ ಅಮ್ಮನನ್ನು ಸೋದರಮಾವನಿಗೇ ಕೊಟ್ಟಿದ್ದರು. ಅಷ್ಟು ಆಸ್ಪತ್ರೆ ಸುತ್ತಿದರೂ ಯಾರೂ ಅದನ್ನು ಕೇಳಲಿಲ್ಲ, ನಮ್ಮ ಕಡೆ ಮಾಮೂಲಿ ಸಂಗತಿಯಾದ್ದರಿಂದ ಮನೆಯವರಿಗೂ ಹೇಳಬೇಕೆನಿಸಲಿಲ್ಲ. ನಿಮ್ಮಲ್ಲೂ ಸಂಬಂಧದೊಳಗೇ ಮದುವೆಯಾಗಿದ್ದರೆ, ಕೇಳುವವರೆಗೆ ಕಾಯದೆ ಹೇಳಿಬಿಡಿ.

ಮೊದಲು ನರರೋಗ ತಜ್ಞರನ್ನು ಕಾಣಿ. ಬೆಂಗಳೂರು ಹತ್ತಿರವಾದರೆ ನಿಮ್ಹಾನ್ಸ್ ಇದೆ. ಈ ವಯಸ್ಸಿನಲ್ಲಿ ವಿಲ್ಸನ್ ಕಾಯಿಲೆ ಅಲ್ಲವೆಂದು ಖಚಿತವಾಗಲೇಬೇಕು. ಅದರಲ್ಲಿ ದೇಹದಲ್ಲಿ ತಾಮ್ರ ಶೇಖರವಾಗುತ್ತದೆ, ಬೇಗ ಹಿಡಿದರೆ ಚಿಕಿತ್ಸೆ ಇದೆ. ರಕ್ತದಲ್ಲಿ ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್, 24 ಗಂಟೆಯ ಮೂತ್ರದಲ್ಲಿ ತಾಮ್ರ, ಕಣ್ಣಿನ ಪರೀಕ್ಷೆ ಮಾಡುತ್ತಾರೆ. ತಲೆಸುತ್ತಿಗೆ ಸಿನ್ನರಿಜಿನ್, ವಾಂತಿಗೆ ಮೆಟೊಕ್ಲೋಪ್ರಮೈಡ್ ತೆಗೆದುಕೊಂಡಿದ್ದರೆ ಅದನ್ನೂ ತಿಳಿಸಿ, ಅವುಗಳಿಂದಲೂ ಇಂಥ ಲಕ್ಷಣ ಬರಬಹುದು. ಜೀನ್ ಪರೀಕ್ಷೆ ಮಾಡಿಸುವುದಾದರೆ ಡಿಲೀಷನ್ (ಜೀನ್‌ನ ತುಂಡು ಕಾಣೆಯಾಗಿರುವುದು), ಡೂಪ್ಲಿಕೇಷನ್ (ತುಂಡು ಎರಡು ಸಲ ಇರುವುದು) ಕೂಡ ನೋಡುತ್ತಾರೆಯೇ ಎಂದು ಕೇಳಿ. ಪಾರ್ಕಿನ್‌ನಲ್ಲಿ ಎಷ್ಟೋ ಸಲ ಜೀನ್‌ನ ಒಂದು ತುಂಡೇ ಇರುವುದಿಲ್ಲ, ಜೀನ್‌ನ ಅಕ್ಷರಗಳನ್ನು ಓದುವ ಬರೀ ಸೀಕ್ವೆನ್ಸಿಂಗ್‌ನಲ್ಲಿ ಅದು ತಪ್ಪಿಹೋಗಬಹುದು.

ಪಾರ್ಕಿನ್ ಎಂದೇ ಗೊತ್ತಾದರೂ ಧೈರ್ಯಗೆಡಬೇಡಿ. ಇದು ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುತ್ತದೆ, ಲೆವೊಡೋಪಾ ಎಂಬ ಪಾರ್ಕಿನ್ಸನ್ ಮಾತ್ರೆ ಸಣ್ಣ ಪ್ರಮಾಣದಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಆ ಮಾತ್ರೆಯಿಂದ ಮೈ ತಾನಾಗಿ ಅಲುಗಾಡುವ ತೊಂದರೆಯೂ ನಮಗೆ ಬೇಗ ಬರುತ್ತದೆ, ಆದ್ದರಿಂದ ಡೋಸ್ ವೈದ್ಯರೇ ನಿಧಾನಕ್ಕೆ ಹೆಚ್ಚಿಸಲಿ.

ಅವನು ಸಂಜೆ ನಡೆಯುವುದನ್ನು ಇವತ್ತೇ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಒಪಿಡಿಗೆ ಹೋಗುವುದು ಬೆಳಿಗ್ಗೆ, ಆ ಹೊತ್ತಿಗೆ ಅವನು ನೆಟ್ಟಗೇ ನಡೆಯುತ್ತಾನೆ.