ಅಪ್ಪ ಒಪ್ಪದ ಪಾಸ್‌ಪೋರ್ಟ್

ಇವರನ್ನು ತೆನ್‌ಜಿನ್ ಅನ್ನೋಣ. ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪ್‌ನಲ್ಲಿ ಈ ಹೆಸರಿನವರು ಎಷ್ಟೋ ಮಂದಿ, ಗುರುತು ಸಿಗುವ ಭಯವಿಲ್ಲ. ಉಳಿದ ವಿವರಗಳನ್ನೂ ಅಷ್ಟಿಷ್ಟು ಬದಲಿಸಿದ್ದೇನೆ. ವಯಸ್ಸು ನಲವತ್ತರ ಆಸುಪಾಸು, ಬೆಂಗಳೂರಿನಲ್ಲಿ ಖಾಸಗಿ ನೌಕರಿ. ಮಾತಾಡುವುದು ಪಿರಿಯಾಪಟ್ಟಣದ ಕಡೆಯ ಕನ್ನಡ. ನಿದ್ದೆ ಬರುತ್ತಿಲ್ಲ ಎಂದು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದಿದ್ದರು. ಊರಿನಿಂದ ಅಪ್ಪ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಟಿಬೆಟಿಯನ್ ಹೊಸವರ್ಷದ ಲೋಸರ್ ಹಬ್ಬಕ್ಕೂ ಹೋಗಿರಲಿಲ್ಲ.

ಕಂಪನಿ ಅವರನ್ನು ತರಬೇತಿಗೆ ಹೊರದೇಶಕ್ಕೆ ಕಳಿಸಬೇಕಿತ್ತು. ಇವರ ಹತ್ತಿರ ಇರುವುದು ಐಸಿ (ಐಡೆಂಟಿಟಿ ಸರ್ಟಿಫಿಕೇಟ್) ಎನ್ನುವ ಹಳದಿ ಪುಸ್ತಕ, ಟಿಬೆಟಿಯನ್ ನಿರಾಶ್ರಿತರಿಗೆ ಪಾಸ್‌ಪೋರ್ಟ್ ಬದಲು ಭಾರತ ಸರ್ಕಾರ ಕೊಡುವಂಥದ್ದು. ಅದಕ್ಕೆ ವೀಸಾ ಸಿಗುವುದು ತಡ, ವಾಪಸ್ ಬರುವುದಕ್ಕೂ ಮೊದಲೇ ಅನುಮತಿ ತಗೊಳ್ಳಬೇಕು. ಭಾರತದ ಪಾಸ್‌ಪೋರ್ಟ್ ಮಾಡಿಸುತ್ತೇನೆ ಎಂದಾಗ ಅಪ್ಪ ಹೇಳಿದ್ದು ಇಷ್ಟು: "ನೀನು ಅದನ್ನ ತಗೊಂಡ್ರೆ, ಒಂದಿನ ಊರಿಗೆ ವಾಪಸ್ ಹೋಗ್ತೀವಿ ಅಂತ ನಾವು ಕಾದಿದ್ದೆಲ್ಲ ಸುಳ್ಳಾಗತ್ತೆ." ಅಪ್ಪ 1959ರ ನಂತರ ಮಗುವಾಗಿ ಗಡಿ ದಾಟಿ ಬಂದವರು. ಅಜ್ಜ-ಅಜ್ಜಿ ಬೈಲಕುಪ್ಪೆಯ ಕಾಡು ಕಡಿದು ಮುಸುಕಿನ ಜೋಳ ಬೆಳೆದ ಮೊದಲ ತಂಡದವರು.

"ನಾನು ಯಾರು ಮೇಡಂ?" ಅಂತ ತೆನ್‌ಜಿನ್ ಕೇಳಿದರು. "ಬಸ್ಸಲ್ಲಿ ನೇಪಾಳದವನಾ ಅಂತಾರೆ. ಕನ್ನಡದಲ್ಲಿ ಉತ್ತರ ಕೊಟ್ರೆ ನಗ್ತಾರೆ. ಮನೆಗೆ ಹೋದ್ರೆ ಅಪ್ಪ ನೀನು ನಮ್ಮವನಲ್ಲ ಅಂತಾರೆ."

ಆ ಪ್ರಶ್ನೆಗೆ ನಾನು ಉತ್ತರ ಕೊಡಲು ಹೋಗಲಿಲ್ಲ. ರಾತ್ರಿ ಎರಡು ಗಂಟೆಗೆ ಏಳಿಸುವ ಪ್ರಶ್ನೆಗಳು ಸಾಮಾನ್ಯವಾಗಿ ಒಂದೇ ಪ್ರಶ್ನೆ ಆಗಿರುವುದಿಲ್ಲ. ಇಲ್ಲೂ ಕಾನೂನಿನದ್ದೊಂದು, ಅಪ್ಪನದ್ದೊಂದು ಸೇರಿಕೊಂಡಿದ್ದವು. ಬಿಡಿಸಿ ನೋಡೋಣ ಅಂದೆ.

ಕಾನೂನಿನದ್ದು ಸುಲಭ. 1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು, ಅಪ್ಪ ಅಮ್ಮ ಎಲ್ಲಿಯವರೇ ಆಗಲಿ, ಹುಟ್ಟಿನಿಂದಲೇ ಭಾರತೀಯರು. ರಾಯಭಾರಿಗಳ ಮಕ್ಕಳಂಥ ಕೆಲವರಿಗೆ ಮಾತ್ರ ವಿನಾಯಿತಿ. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು, 2016ರಲ್ಲಿ ಮತ್ತೆ ಹೇಳಿತು. ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿದ್ದೂ ಅದನ್ನೇ. ತೆನ್‌ಜಿನ್ ಹುಟ್ಟಿದ್ದು 1985ರಲ್ಲಿ. ಅಂದರೆ ಅವರು ಹೊಸದಾಗಿ ಏನೂ ಆಗುತ್ತಿಲ್ಲ. ಇದನ್ನು ಕೇಳಿ ಅವರು ಹಗುರಾಗುತ್ತಾರೆ ಅಂದುಕೊಂಡರೆ, ಅತ್ತರು. "ಹಾಗಾದ್ರೆ ಇಷ್ಟು ವರ್ಷ ನಾನು ಆರ್‌ಸಿ ನವೀಕರಿಸೋಕೆ ಕ್ಯೂ ನಿಂತಿದ್ದು ಯಾಕೆ?" ಆರ್‌ಸಿ ಅಂದರೆ ವಿದೇಶಿಯರೆಂದು ನೋಂದಾಯಿಸಿಕೊಂಡ ಪ್ರಮಾಣಪತ್ರ.

ಸಿಟ್ಟು ಬರುವುದು ಸಹಜ ಅಂದೆ. ಅದನ್ನು ಅಪ್ಪನ ಮೇಲೆ ತೀರಿಸಿಕೊಳ್ಳುತ್ತಿದ್ದೀರಾ ನೋಡಿ ಅಂತಲೂ ಅಂದೆ.

ಅಪ್ಪನ ಹೆದರಿಕೆ ಬರೀ ಭಾವನೆಯಲ್ಲ. ಅದನ್ನು ತಳ್ಳಿಹಾಕಬೇಡಿ ಎಂದು ಒತ್ತಿ ಹೇಳಿದೆ. 2017ರಲ್ಲಿ ಇಂಥವರಿಗೆ ಪಾಸ್‌ಪೋರ್ಟ್ ಕೊಡಲು ಕೇಂದ್ರ ಒಪ್ಪಿದಾಗ ಷರತ್ತುಗಳೂ ಬಂದವು: ಆರ್‌ಸಿ, ಐಸಿ ಹಿಂದಿರುಗಿಸಬೇಕು, ಕ್ಯಾಂಪ್‌ನಲ್ಲಿ ವಾಸ ಬಿಡಬೇಕು, ಅಲ್ಲಿನ ಸವಲತ್ತು ಪಡೆಯಬಾರದು. ಹಾಗಾದರೆ ಎಪ್ಪತ್ತು ದಾಟಿದ ಅಪ್ಪನ ಮನೆಯಲ್ಲಿ ಮಗ ಯಾವ ಲೆಕ್ಕದಲ್ಲಿ ಇರಬೇಕು? ಯಾರಿಗಾದರೂ ಹೆದರಿಕೆ ಆಗುತ್ತದೆ, ಅಲ್ವಾ?

ಹಾಗಾಗಿ ಕೊಟ್ಟ ಸಲಹೆ ಬಹಳ ಸಾದಾ. ಈಗ ನಡೆಯುತ್ತಿರುವ ನಿಯಮ ಏನು, ನಿಮ್ಮ ಮಗಳ ಪೌರತ್ವ ಏನಾಗುತ್ತದೆ ಎಂದು ವಕೀಲರ ಹತ್ತಿರ ಬರೆಸಿಕೊಳ್ಳಿ. ಅಲ್ಲಿಯವರೆಗೆ ಯಾವ ಕಾಗದವನ್ನೂ ಒಪ್ಪಿಸಬೇಡಿ. ಅಪ್ಪನ ಹತ್ತಿರ ಹೋಗಿ, ಮೊದಲ ದಿನ ಪಾಸ್‌ಪೋರ್ಟ್ ಮಾತು ಎತ್ತಬೇಡಿ. ಅವರು ಬಂದ ದಾರಿಯ ಬಗ್ಗೆ ಕೇಳಿ. ಆಮೇಲೆ, ದೇಶಭ್ರಷ್ಟ ಟಿಬೆಟಿಯನ್ನರು 1991ರಲ್ಲಿ ಮಾಡಿಕೊಂಡ ಸಂವಿಧಾನ ಪತ್ರದ 8ನೇ ವಿಧಿ ಓದಿ ಹೇಳಿ. ಅನಿವಾರ್ಯವಾಗಿ ಬೇರೆ ದೇಶದ ಪೌರತ್ವ ತಗೊಂಡವರು, ಕರ್ತವ್ಯ ನಿಭಾಯಿಸಿದರೆ, ಟಿಬೆಟಿಯನ್ನರಾಗಿಯೇ ಉಳಿಯಬಹುದು ಎಂದು ಅದರಲ್ಲೇ ಇದೆ. ನಾನು ಹೇಳಿದರೆ ಅವರಿಗೆ ರುಚಿಸದು. ಅವರದೇ ಪತ್ರ ಹೇಳಿದರೆ ಬೇರೆ. ನಿದ್ದೆಗೆ ವೈದ್ಯರನ್ನೂ ಕಾಣಿ ಎಂದು ಕಳಿಸಿದೆ.

ತೆನ್‌ಜಿನ್ ಒಂದು ಶನಿವಾರ ಊರಿಗೆ ಹೋದರು. ಅಪ್ಪ ರಾತ್ರಿಯಿಡೀ ಮಾತಾಡಿದರಂತೆ, ಪಾಸ್‌ಪೋರ್ಟ್‌ಗೆ ಮಾತ್ರ ಹೂಂ ಅನ್ನಲಿಲ್ಲ. ಗ್ರೀನ್ ಬುಕ್ಕಿಗೆ (ದೇಶಭ್ರಷ್ಟ ಟಿಬೆಟಿಯನ್ ಆಡಳಿತ ಕೊಡುವ ಗುರುತಿನ ಪುಸ್ತಕ) ಕಟ್ಟುವ ವಂತಿಗೆ ನಿಲ್ಲಿಸಬೇಡ, 1959ರ ಲಾಸಾ ದಂಗೆಯ ನೆನಪಿನ ಮಾರ್ಚ್ 10ರ ಮೆರವಣಿಗೆಗೆ ಬಾ ಅಂದರು. ತರಬೇತಿಗೆ ಬೇರೆಯವರು ಹೋದರು. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಕಾಗುಣಿತ ತಪ್ಪಿದೆ, ಸದ್ಯಕ್ಕೆ ತೆನ್‌ಜಿನ್ ಅದನ್ನು ಸರಿಪಡಿಸಲು ಓಡಾಡುತ್ತಿದ್ದಾರೆ.