ನಾಲ್ಕು ವರ್ಷದ ಮಗುವಿಗೆ ಆರಡಿ ಕಪಾಟು

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಮಗನಿಗೆ ನಾಲ್ಕು ವರ್ಷ. ಮನೆ ರಿಪೇರಿ ಮಾಡಿಸುವಾಗ ಅವನಿಗೆಂದೇ ಒಂದು ಕೋಣೆ ಬಿಟ್ಟು ಕಪಾಟೂ ಮಾಡಿಸಿದೆವು. ಆದರೂ ಚಡ್ಡಿ ಬೇಕಾದರೆ ‘ಅಮ್ಮಾ’, ಆಟಿಕೆ ಬೇಕಾದರೆ ‘ಅಜ್ಜೀ’. ತನ್ನ ಕೆಲಸ ತಾನೇ ಮಾಡಿಕೊಳ್ಳುವುದು ಯಾವಾಗ?

ಉತ್ತರ: ಮೊದಲು ಆ ಕೋಣೆಯಲ್ಲಿ ಮಂಡಿಯೂರಿ ಕೂತು ಸುತ್ತ ನೋಡಿ. ಕಪಾಟಿನ ಹಿಡಿ, ಬಟ್ಟೆಯ ಗೂಟ, ಲೈಟಿನ ಸ್ವಿಚ್ಚು ಎಲ್ಲ ತಲೆಯ ಮೇಲೆ ಅಲ್ವಾ? ಈ ವಯಸ್ಸಿನ ಮಕ್ಕಳ ಎತ್ತರ ಸುಮಾರು 100 ಸೆಂಟಿಮೀಟರ್. ಕೈಗೆ ಎಟುಕದಿದ್ದರೆ ಕರೆಯದೆ ಇನ್ನೇನು ಮಾಡುತ್ತಾನೆ?

ಆಚಾರಿಗೆ ಮತ್ತೆ ದುಡ್ಡು ಸುರಿಯಬೇಡಿ. ಕಪಾಟಿನ ಕೆಳಗಿನ ಎರಡು ಖಾನೆ ಅವನಿಗೆ ಬಿಟ್ಟುಕೊಡಿ, ಬಾಗಿಲು ಕಳಚಿಡಿ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಕಡೆ ಮುಚ್ಚಿಟ್ಟ ಬಟ್ಟೆಗೆ ಬೂಸ್ಟು ಬರುವುದು ನಿಮಗೇ ಗೊತ್ತು, ಗಾಳಿಯಾಡಿದರೆ ಆ ಕಾಟವೂ ಕಡಿಮೆ. ಅಲ್ಲಿ ಮೂರು ಅಂಗಿ, ಮೂರು ಚಡ್ಡಿ ಇದ್ದರೆ ಸಾಕು. ಜಾಸ್ತಿ ಇಟ್ಟರೆ ಒಂದನ್ನು ಎಳೆಯಲು ಹೋಗಿ ಎಲ್ಲವನ್ನೂ ನೆಲಕ್ಕೆ ಬೀಳಿಸುತ್ತಾನೆ. ಬೈರಾಸಿಗೆ (ಟವೆಲಿಗೆ) ಅವನ ಎದೆಮಟ್ಟದಲ್ಲಿ ಮೊಂಡು ತುದಿಯ ಗೂಟ ಹೊಡೆಸಿ. ಆಟಿಕೆ ಐದಾರು ಮಾತ್ರ ಹೊರಗಿರಲಿ, ಉಳಿದದ್ದು ಅಟ್ಟಕ್ಕೆ. ವಾರಕ್ಕೊಮ್ಮೆ ಬದಲಿಸಿದರೆ ಹಳೆಯದೂ ಹೊಸದಾಗುತ್ತದೆ. ಹಾಂ, ಕಪಾಟನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಸಲೇಬೇಕು. ಖಾನೆ ಕಂಡರೆ ಮಕ್ಕಳಿಗೆ ಅದು ಏಣಿ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ‘ಮಕ್ಕಳ ಮನೆ’ ಎಂಬ ಪುಟಾಣಿಗಳ ಶಾಲೆ ಶುರುಮಾಡಿದರು. ಮಕ್ಕಳ ಅಳತೆಯ ಕುರ್ಚಿ, ತಗ್ಗಿನ ಕಪಾಟು ಅವರ ಪದ್ಧತಿಯ ಗುರುತೇ ಆಯಿತು. 1939ರಲ್ಲಿ ಅವರು ಮದ್ರಾಸಿನ ಅಡ್ಯಾರಿಗೂ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟಿದ್ದಾರೆ. ನಿಮ್ಮನೆಯಲ್ಲಿ ಹಳೆಯ ಮಣೆ ಇದ್ದರೆ ಪುಟ್ಟ ಕುರ್ಚಿಯ ಖರ್ಚೂ ಉಳಿಯಿತು!

ಕಷ್ಟ ಇರುವುದು ಅಜ್ಜಿಯ ಹತ್ತಿರ. ‘ನೀವು ಮಾಡಿಕೊಡಬೇಡಿ’ ಅಂದರೆ ಸುಮ್ನೆ ಬೇಜಾರು. ಬದಲಿಗೆ ಬಟ್ಟೆ ಮಡಚಲು ಕಲಿಸುವ ಕೆಲಸ ಅವರಿಗೇ ಕೊಡಿ. ಅಂಗಿ ಹಿಂದುಮುಂದಾಗಿ ಹಾಕಿಕೊಂಡು ಬಂದರೆ ನೀವೂ ತಿರುಗಿಸಲು ಹೋಗಬೇಡಿ, ಅಂಗನವಾಡಿ ಟೀಚರ್ ನಕ್ಕರೆ ನಗಲಿ. ಬೆಳಿಗ್ಗೆ ಹತ್ತು ನಿಮಿಷ ಬೇಗ ಎಬ್ಬಿಸಿ. ಗುಂಡಿ ಹಾಕಿಕೊಳ್ಳಲು ಅವನಿಗೆ ಅಷ್ಟು ಹೊತ್ತು ಬೇಕೇ ಬೇಕು.